ಹನ್ನೆರಡು ಗೆಣ್ಣಿನ ಕೈ

…ಅಥವಾ ಆ ಮಾತನ್ನು ನಾನು ಮೆಟ್ಟಿಲ ಮೇಲೆ ಹೇಳಿರಲಿಕ್ಕಿಲ್ಲ, ನಳದ ಹತ್ತಿರ ಹೇಳಿರಬೇಕು. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ನೀರು ಬರುವ ದಿನ ಎಲ್ಲ ಮಾತೂ ನಳದ ಹತ್ತಿರವೇ ನಡೆಯುತ್ತದೆ, ಆದ್ದರಿಂದ ಇದೂ ಅಲ್ಲೇ ನಡೆದಿರಬೇಕೆಂದು ಈಗ ಊಹಿಸುತ್ತಿದ್ದೇನೆ. ಹೆಂಡತಿಗೆ ಈ ಸಂಗತಿ ಹೇಳಿದಾಗ ಮೆಟ್ಟಿಲು ಎಂದಿದ್ದೆ. ಕಾಲೇಜಿನ ಗೆಳೆಯನಿಗೆ ಹೇಳುವಾಗ ಅದು ಕೆಳಗಿನ ಮನೆಯ ಪಡಸಾಲೆಯಾಗಿತ್ತು, ಹಿಂದೆ ತಂಬೂರಿ ಬೇರೆ ನುಡಿಯುತ್ತಿತ್ತು. ತಂಬೂರಿ ಖಂಡಿತ ಸುಳ್ಳು. ಆ ದಿನಗಳಲ್ಲಿ ಅದು ಗವಸು ಹಾಕಿಕೊಂಡು ಮೂಲೆಯಲ್ಲಿ ನಿಂತಿತ್ತು. ಕೇಳುವವನಿಗೆ ಚೆಂದ ಕಾಣಲಿ ಎಂದು ನಾನೇ ಗವಸು ತೆಗೆದಿರಬೇಕು.

ಮಾತು ಮಾತ್ರ ಪ್ರತಿ ಸಲವೂ ಒಂದೇ ಇತ್ತು.

"ಅಕ್ಕೋರ, ನಾಕನೂರು ವರ್ಷದ ಹಿಂದ ಇಂಗ್ಲಂಡಿನ್ಯಾಗ ಬರೇ ನಾಕ ಸ್ವರದಾಗ ಹಾಡೂದು ಕಲಸ್ತಿದ್ರಂತ್ರಿ."

ಇದು ತಪ್ಪು ಮಾತು. ತಪ್ಪೆಂದು ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಏನು ಮಾಡಿದೆ ಎಂಬುದನ್ನೂ ಬರೆಯಬೇಕಾಗುತ್ತದೆ, ಆದರೆ ಮೊದಲು ಅಕ್ಕೋರು ಯಾರೆಂದು ಹೇಳಬೇಕು.

ಅಕ್ಕೋರು ಎಂದರೆ ನಮ್ಮ ಮನೆಯ ಮಾಲಕರು. ಅವರು ಕೆಳಗೆ, ನಾವು ಮೇಲೆ. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಈ ಕಡೆ ಅಕ್ಕೋರು ಎನ್ನುತ್ತಾರೆ, ನಿವೃತ್ತರಾದರೂ ಆ ಹೆಸರು ನಿವೃತ್ತವಾಗುವುದಿಲ್ಲ. ಇವರು ಹುಡುಗಿಯರ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿದವರು. ಆಮೇಲೆ ಮನೆಯಲ್ಲಿ ಕಲಿಸಿದರು. ಒಂಟಿ ಜೀವ, ಗಟ್ಟಿ ಮನಸ್ಸು, ಯಾರನ್ನಾದರೂ ಬಯ್ಯುವಾಗ ಕೂಡ ಶ್ರುತಿ ಬಿಡದ ದನಿ. ಆ ದನಿಯನ್ನು ನಾನು ಆರು ವರ್ಷ ಮೇಲಿನ ಮನೆಯಲ್ಲಿ ಕುಳಿತು ಕೇಳಿದ್ದೇನೆ. ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ದನಿಯ ಬಗ್ಗೆ ನೆನಪಿರುವುದು ನಾನು ಅದಕ್ಕೆ ಕೊಟ್ಟ ವಿಶೇಷಣಗಳು ಮಾತ್ರ, ಮತ್ತು ಅವುಗಳಲ್ಲಿ ಒಂದನ್ನೂ ಇಲ್ಲಿ ಬರೆಯುವ ಮನಸ್ಸಿಲ್ಲ.

ಅವರಿಗೆ ಗಂಟಲಿನ ಗ್ರಂಥಿಯ ಆಪರೇಶನ್ ಆಯಿತು. ಎಲ್ಲವೂ ಸರಿಯಾಗಿಯೇ ಆಯಿತು, ಗ್ರಂಥಿ ಹೋಯಿತು, ಅದರ ಜೊತೆ ದನಿಯೂ ಹೋಯಿತು. ಡಾಕ್ಟರು ದನಿಯ ನರ ದಣಿದಿದೆ ಎಂದರು. ಬಂದರೆ ಬರಬಹುದು, ಬರದೇ ಇರಬಹುದು. ಉಳಿದದ್ದು ಒಂದು ಒಡಕು ಸ್ವರ. ಅದರಲ್ಲಿ ಸ ಸಿಗುತ್ತಿತ್ತು, ರಿ ಸಿಗುತ್ತಿತ್ತು, ಗ ಮತ್ತು ಮ ಸಿಗುತ್ತಿದ್ದವು. ಪ ಎಂದು ಬಾಯಿ ತೆರೆದರೆ ಬರೀ ಗಾಳಿ.

ನಮ್ಮ ಹಿಂದೂಸ್ತಾನಿ ಸಂಗೀತದಲ್ಲಿ ಕಲಿಸುವುದು ಅಂದರೆ ಹಾಡುವುದು. ಗುರು ಒಂದು ಸಾಲು ಹಾಡಬೇಕು, ಶಿಷ್ಯ ಅದನ್ನು ಎತ್ತಿಕೊಳ್ಳಬೇಕು. ಕಾಗದ ಇದ್ದರೂ ಅದು ಗುರುತಿಗೆ ಮಾತ್ರ. ತನ್ನ ಬಳಿ ಪಂಚಮ ಇಲ್ಲದವರು ಬೇರೆಯವರಿಗೆ ಪಂಚಮ ಕೊಡುವುದು ಹೇಗೆ? ಶಿಷ್ಯರು ಒಬ್ಬೊಬ್ಬರಾಗಿ ಬಿಟ್ಟರು. ಪರೀಕ್ಷೆ ಇದೆ ಎಂದರು, ಅತ್ತೆಗೆ ಹುಷಾರಿಲ್ಲ ಎಂದರು. ಉಳಿದವಳು ಒಬ್ಬಳೇ, ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯ ಸೊಸೆ. ಮೂವತ್ತೈದರ ಆಸುಪಾಸು. ರೊಟ್ಟಿ ಬಡಿದು ಗುರುವಾರಕ್ಕೊಮ್ಮೆ ಹುಬ್ಬಳ್ಳಿಯ ಖಾನಾವಳಿಗಳಿಗೆ ಕೊಟ್ಟು, ಖಾಲಿ ಬುಟ್ಟಿ ಹಿಡಿದು ಪಾಠಕ್ಕೆ ಬರುತ್ತಿದ್ದಳು. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅವರೂರಿನ ಮಠದಲ್ಲಿ ಪೂಜೆಯ ಹೊತ್ತಿಗೆ ಹಾಡಬೇಕೆಂದು ಆಕೆಗೆ ಹೇಳಿಯಾಗಿತ್ತು. ಬೆಳಗಿನ ರಾಗ ಬೇಕು, ಭೈರವ ಕಲಿಸುತ್ತೇನೆಂದು ಅಕ್ಕೋರು ಆಪರೇಶನ್ನಿಗೆ ಮುಂಚೆಯೇ ಒಪ್ಪಿಕೊಂಡಿದ್ದರು.

"ಶ್ರಾವಣ ಸೋಮಾರದ ತನಕ ನೋಡತೇನಿ ಮಾಸ್ತರ" ಎಂದು ಅವರು ನನಗೆ ಹೇಳಿದ್ದು ಚೆನ್ನಾಗಿ ನೆನಪಿದೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು, ಅದಕ್ಕೆ ಮಾಸ್ತರ. "ಭೈರವ ಇಕಿಗೆ ದಾಟಸಿದ್ನೆಂದ್ರ ನಾ ಇನ್ನೂ ಅಕ್ಕೋರು. ಇಲ್ಲಂದ್ರ ಧಾರವಾಡದ ಬುವಾ ಅವರ ಕಡೆ ಕಳಸತೇನಿ. ಆಮ್ಯಾಲ ಈ ಪಡಸಾಲಿ ಬಾಡಿಗಿಗೆ ಕೊಟ್ರಾತು. ಟೇಲರ ಅಂಗಡಿ ಆದ್ರೂ ಆಗಲಿ, ಮಶೀನಿನ ಸಪ್ಪಳರೆ ಇರತೈತಿ."

ಬುವಾ ಎಂದರೆ ಧಾರವಾಡದ ಹಿರಿಯ ಗಾಯಕರೊಬ್ಬರು, ಅಕ್ಕೋರ ಜೊತೆ ಒಂದೇ ಗುರುಗಳ ಮನೆಯಲ್ಲಿ ಕಲಿತವರು. ಅವರ ಹತ್ತಿರ ಹೋಗುವುದು ಶಿಷ್ಯೆಗೆ ನಷ್ಟವೇನಲ್ಲ. ಹಾಗೆಂದು ಅಕ್ಕೋರೇ ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದರು, ಅಷ್ಟು ಸಲ ಹೇಳುವುದು ನನಗೆ ಸರಿ ಕಾಣುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಮೆಟ್ಟಿಲ ಮೇಲೋ ನಳದ ಹತ್ತಿರವೋ ಆ ನಾಲ್ಕು ಸ್ವರದ ಮಾತು ಆಡಿದೆ. ಹಳೆಯ ಕಾಲದ ಇಂಗ್ಲಿಷ್ ಪಠ್ಯಪುಸ್ತಕಗಳ ಬಗ್ಗೆ ಒಂದು ಲೇಖನ ಬರೆಯಬೇಕಿತ್ತು. ಅದಕ್ಕೆಂದು ಝೆರಾಕ್ಸ್ ಮಾಡಿಸಿದ ಹಾಳೆಗಳಲ್ಲಿ ಹಾಡುಗಾರಿಕೆ ಕಲಿಸುವ ಒಂದು ಪುಸ್ತಕವೂ ಇತ್ತು. ಮೊದಲ ನಾಲ್ಕು ಪುಟ ಓದಿದ್ದೆ. ಫಾ, ಸೋಲ್, ಲಾ, ಮಿ. ನಾಲ್ಕೇ. ಅಷ್ಟರಿಂದ ಎಲ್ಲ ಹಾಡನ್ನೂ ಹಾಡಬಹುದೆಂದು ಅದರಲ್ಲಿ ಬರೆದಿತ್ತು.

ಅಕ್ಕೋರು ಕೈಯಲ್ಲಿದ್ದ ಕೊಡ ಕೆಳಗಿಟ್ಟರು. (ಕೊಡ ಇತ್ತೆಂದರೆ ಅದು ನಳದ ಹತ್ತಿರವೇ. ಆದರೆ ಕೊಡ ಹಿಡಿದು ಮೆಟ್ಟಿಲು ಹತ್ತುವುದೂ ಉಂಟು.)

"ನಾಕರಾಗ? ಬರೇ ನಾಕರಾಗ?"

"ಹಂಗಂತ ಬರದಾರ್ರಿ."

"ಆ ಪುಸ್ತಕ ತರ್ರಿ. ಈಗ ಬ್ಯಾಡ. ಗುರುವಾರ ತರ್ರಿ, ಅಕಿನೂ ಇರತಾಳ."

ಅವರ ಬಲಗೈ ಗಂಟಲ ಮೇಲಿತ್ತು. ಇದು ನೆನಪೇ ಹೌದು, ಊಹೆಯಲ್ಲ, ಏಕೆಂದರೆ ಆ ಕೈ ನೋಡಿ ನನಗೆ ಹೆದರಿಕೆಯಾಗಿತ್ತು.

ಗುರುವಾರಗಳು ಶುರುವಾದವು. ನಾನು ಓದುವುದು, ಕನ್ನಡದಲ್ಲಿ ಹೇಳುವುದು, ಅಕ್ಕೋರು ತಲೆಯಾಡಿಸುವುದು. ಪುಸ್ತಕ ಇದ್ದದ್ದು ಗುರು-ಶಿಷ್ಯರ ಮಾತಿನ ರೂಪದಲ್ಲಿ. ಶಿಷ್ಯ ಪ್ರಶ್ನೆ ಕೇಳುತ್ತಾನೆ, ಗುರು ಉತ್ತರಿಸುತ್ತಾನೆ, ನಡುನಡುವೆ ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ. ಅಕ್ಕೋರಿಗೆ ಈ ಗುರು ಬಹಳ ಹಿಡಿಸಿದ. "ಇವ ನಮ್ಮ ಗುರುಗಳಂಗ ಅದಾನ ನೋಡ್ರಿ. ಒಂದು ಸ್ವರ ಹೇಳಿಕೊಟ್ಟು ಮೂರು ಸಲ ಉಪಕಾರ ಹೊರಸ್ತಾನ." ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟು ಕುಳಿತ ಶಿಷ್ಯೆ ಕೇಳಿದಳು, "ಈ ಶಿಷ್ಯ ಭಾಳ ಪ್ರಶ್ನಿ ಕೇಳತಾನಲ್ರಿ ಸರ್ರ. ಬೈಸ್ಕೊಳ್ಳೂದಿಲ್ಲೇನ್ರಿ?" "ಪುಸ್ತಕದಾಗಿನ ಶಿಷ್ಯ ಅಂವ" ಎಂದರು ಅಕ್ಕೋರು. "ಖರೇ ಶಿಷ್ಯಾರಿಗೆ ಬಾಯಿ ಎಲ್ಲಿರತೈತಿ."

ಎರಡನೇ ಗುರುವಾರದ ಹಿಂದಿನ ದಿನ ಮುಂದಿನ ಪುಟಗಳನ್ನು ಓದಿಕೊಂಡೆ. ಒಂದು ಏಣಿಯ ಚಿತ್ರವಿತ್ತು. ಏಣಿಯ ಮೆಟ್ಟಿಲುಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಬರೆದಿತ್ತು: ಫಾ, ಸೋಲ್, ಲಾ, ಫಾ, ಸೋಲ್, ಲಾ, ಮಿ. ನಾಲ್ಕು ಹೆಸರು, ಏಳು ಮೆಟ್ಟಿಲು. ಹಾಡುವುದು ಏಳನ್ನೂ. ಒಂದೇ ಹೆಸರು ಎರಡೆರಡು ಕಡೆ ಬರುತ್ತದೆ ಅಷ್ಟೆ.

ಈ ತಪ್ಪು ಇಂಗ್ಲಿಷರು ಯಾರೂ ಮಾಡುವಂಥದ್ದಲ್ಲ, ನಮ್ಮವರು ಮಾತ್ರ ಮಾಡಬಹುದಾದದ್ದು. ನಮಗೆ ಸ ಎಂದರೆ ಆ ಸ್ವರದ ಹೆಸರೂ ಹೌದು, ಆ ಸ್ವರವೂ ಹೌದು. ಮ ಎಂದು ಕರೆದು ಧ ಹಾಡುವುದು ನಮ್ಮ ಊರಿನಲ್ಲಿ ಮಕ್ಕಳಿಗೂ ಬೇಸೂರು ಅನ್ನಿಸುತ್ತದೆ. ಆದ್ದರಿಂದ ನಾಲ್ಕು ಹೆಸರು ಎಂದು ಓದಿದ ಕೂಡಲೇ ನನ್ನ ತಲೆ ಅದನ್ನು ನಾಲ್ಕು ಸ್ವರ ಎಂದು ಇಟ್ಟುಕೊಂಡಿತು, ಅಕ್ಕೋರ ತಲೆಯೂ ಪ್ರಶ್ನಿಸಲಿಲ್ಲ.

ಆ ಗುರುವಾರ ಆ ಪುಟ ಬಂದಾಗ ನಾನು ಎರಡು ಹಾಳೆ ಒಟ್ಟಿಗೆ ತಿರುಗಿಸಿದೆ. "ಇದೊಂದು ಝೆರಾಕ್ಸ್ ಛಲೋ ಬಂದಿಲ್ರಿ" ಎಂದೆ. ಈ ಪ್ರಸಂಗದಲ್ಲಿ ನನಗೆ ನೂರಕ್ಕೆ ನೂರು ಖಾತ್ರಿ ಇರುವ ಮಾತು ಇದೊಂದೇ. ಸುಳ್ಳು ಹೇಳಿದ ನೆನಪು ಹೀಗೆ ಗಟ್ಟಿಯಾಗಿ ನಿಲ್ಲುವುದೇಕೆ ಎಂದು ತಿಳಿದಿಲ್ಲ.

ಎಷ್ಟು ಗುರುವಾರ ಹೀಗೆ ದಾಟಿಸಿದೆ? ಮೂರು ಅನ್ನಿಸುತ್ತದೆ. ಆ ಮೂರರಲ್ಲಿ ಅಕ್ಕೋರು ತಮ್ಮದೇ ಒಂದು ದಾರಿ ಹಿಡಿದರು. ಭೈರವದಲ್ಲಿ ಕೆಳಗಿನ ಅರ್ಧ ಹೇಗೋ ಮೇಲಿನ ಅರ್ಧವೂ ಹಾಗೆಯೇ. ಸ ರಿ ಗ ಮ ಎಂದು ಹಾಡಿದ್ದನ್ನೇ ಪಂಚಮದಿಂದ ಶುರು ಮಾಡಿ ಹಾಡಿದರೆ ಪ ಧ ನಿ ಸ. ಹಾಗಾಗಿ ತಮ್ಮ ಬಳಿ ಉಳಿದ ನಾಲ್ಕು ಸ್ವರ ಹಾಡುವುದು, ಶಿಷ್ಯೆಗೆ "ಈಗ ಇದನ್ನ ಮ್ಯಾಲ ಒಯ್ಯಿ" ಎನ್ನುವುದು. ಮೊಬೈಲಿನೊಳಗಿನ ತಂಬೂರಿ ಶ್ರುತಿ ಹಿಡಿಯುತ್ತಿತ್ತು. ಶಿಷ್ಯೆ ಒಯ್ಯುತ್ತಿದ್ದಳು. ಅಕ್ಕೋರ ಮುಖ ಅರಳುತ್ತಿತ್ತು. "ನಾಕು ಸಾಕಂತ ಬರದವ ಶಾಣ್ಯಾ ಇದ್ದ ನೋಡ್ರಿ ಮಾಸ್ತರ" ಎಂದು ನನ್ನ ಕಡೆ ನೋಡಿ ಹೇಳಿದಾಗ ನಾನು ಚಹಾದ ಕಪ್ಪಿನೊಳಗೆ ನೋಡುತ್ತಿದ್ದೆ.

ಒಂದು ಗುರುವಾರ ನನಗೆ ತರಗತಿ ತಡವಾಗಿ ಮುಗಿಯಿತು. ಮನೆಯ ಗೇಟಿಗೆ ಬಂದಾಗ ಒಳಗಿನಿಂದ ಅಕ್ಕೋರು ಹಾಡುವುದು ಕೇಳಿಸಿತು. ಅದೇ ಒಡಕು, ಅದೇ ಗಾಳಿ, ಆದರೆ ಪಂಚಮ ಇತ್ತು, ಧೈವತ ಇತ್ತು, ಮೇಲಿನ ಸ ಕೂಡ ಇತ್ತು. ದನಿ ಮರಳಿತೆಂದು ಚಪ್ಪಲಿ ಬಿಡದೆ ಒಳಗೆ ಹೋದೆ. ಅಕ್ಕೋರು ಬಾಯಿ ಮುಚ್ಚಿ ಕುಳಿತಿದ್ದರು. ಹಾಡುತ್ತಿದ್ದವಳು ಶಿಷ್ಯೆ.

ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಆಕೆ ಎತ್ತಿಕೊಂಡಿದ್ದಳು. ಹಾಗೆ ತಾನೇ ಕಲಿಯಬೇಕು? ಗುರುವಿನ ಉಸಿರು, ಗುರುವಿನ ನಿಲುಗಡೆ, ಗುರುವಿನ ಒಡಕು. ಗಟ್ಟಿ ಜೋಳದ ರೊಟ್ಟಿಯ ಹಾಗಿದ್ದ ಆಕೆಯ ದನಿ ನಡುನಡುವೆ ಮುರಿಯುತ್ತಿತ್ತು, ಮತ್ತು ಮುರಿಯುವ ಜಾಗಗಳನ್ನು ಆಕೆ ಬಹಳ ಶ್ರದ್ಧೆಯಿಂದ ಸಾಧಿಸಿದ್ದಳು.

"ಛಲೋ ಬಂತೇನ್ರಿ ಅಕ್ಕೋರ?" ಎಂದು ಕಣ್ಣು ತೆರೆದು ಕೇಳಿದಳು.

ಅಕ್ಕೋರು ಮೊಬೈಲಿನ ತಂಬೂರಿ ಬಂದ್ ಮಾಡಿದರು. "ಛಲೋ ಬಂತವ್ವಾ. ಭಾಳ ಛಲೋ ಬಂತು. ಬರೋ ಗುರುವಾರ ಇಲ್ಲಿ ಬರಬ್ಯಾಡ. ನಾ ಬುವಾ ಅವರಿಗೆ ಫೋನ್ ಮಾಡತೇನಿ, ಧಾರವಾಡಕ್ಕ ಹೋಗು."

"ಯಾಕ್ರಿ, ನಾ ಏನ್ ತಪ್ಪ ಮಾಡಿದ್ನಿ?"

"ಏನೂ ತಪ್ಪ ಮಾಡಿಲ್ಲ. ಅದಕ್ಕ ಹೋಗು."

ಶಿಷ್ಯೆ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹಾಕಿಕೊಂಡೇ ಪಡಸಾಲೆಯಲ್ಲಿ ನಿಂತಿದ್ದೇನೆಂದು ಆಗ ಗಮನಕ್ಕೆ ಬಂತು.

ಅದಾದ ಮೇಲಿನ ಎರಡು ದಿನ ಕೆಳಗಿನ ಮನೆಯಲ್ಲಿ ಸದ್ದಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾನು ಏಣಿಯ ಪುಟವಿದ್ದ ಆ ಎರಡು ಹಾಳೆ ಹಿಡಿದು ಇಳಿದೆ. ಎಲ್ಲಾ ನನ್ನಿಂದಲೇ ಶುರುವಾದದ್ದೆಂದು ಒಪ್ಪಿಕೊಳ್ಳುವುದು, ಬಯ್ಯಿಸಿಕೊಳ್ಳುವುದು, ಮೇಲೆ ಬರುವುದು, ಇಷ್ಟು ಯೋಚನೆ. ಅಕ್ಕೋರು ಲಿಂಗಪೂಜೆಯಲ್ಲಿದ್ದರು. ಎಡಗೈಯಲ್ಲಿ ಲಿಂಗ, ಬಲಗೈಯ ಹೆಬ್ಬೆರಳು ಅದೇ ಕೈಯ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಜಪ ಎಣಿಸುವುದು. ನಾನು ಗೋಡೆಗೆ ಒರಗಿ ಕಾದೆ.

ಮುಗಿದ ಮೇಲೆ ಪುಟ ಮುಂದಿಟ್ಟೆ. "ಇದು ಛಲೋ ಬಂದಿತ್ರಿ ಅಕ್ಕೋರ. ಝೆರಾಕ್ಸು. ನಾನ ತೋರಸಲಿಲ್ಲ."

ಅವರು ಕನ್ನಡಕ ಹಾಕಿಕೊಂಡು ಏಣಿ ನೋಡಿದರು. ನಾನು ಮೆಟ್ಟಿಲುಗಳ ಮೇಲಿನ ಅಕ್ಷರ ಓದಿ ಹೇಳಿದೆ. ಇಂಗ್ಲಿಷರು ಒಂದೇ ಹೆಸರನ್ನು ಎರಡು ಕಡೆ ಯಾಕೆ ಇಟ್ಟರೆಂದು ನನಗೆ ಆವರೆಗೂ ಅರ್ಥವಾಗಿರಲಿಲ್ಲ. ಆ ಬಗ್ಗೆ ಲೇಖನದಲ್ಲಿ ಎರಡು ಪುಟ ಏನೇನೋ ಬರೆದಿದ್ದೆ.

"ಇದರಾಗ ತಿಳೀಲಾರದ್ದು ಏನೈತ್ರಿ?" ಎಂದರು ಅಕ್ಕೋರು. "ಸ ರಿ ಗ ಹೆಂಗ ನಡಿತಾವ, ಮ ಪ ಧ ಹಂಗ ನಡಿತಾವ. ನಡಿಗಿ ಒಂದ ಅಂತ ಹೆಸರೂ ಒಂದ ಇಟ್ಟಾರ. ಉಳದದ್ದು ನಿ ಒಂದ, ಅದಕ್ಕ ಬ್ಯಾರೆ ಹೆಸರು. ಹೆಸರು ನಾಕು, ಸ್ವರ ಏಳು." ನನ್ನ ಕಡೆ ತಿರುಗಿ, "ಇದನ್ನ ಮುಚ್ಚಿಡಾಕ ನಿಮಗ ಇಷ್ಟು ತ್ರಾಸ ಆತೇನು?" ಎಂದರು.

ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅಷ್ಟರಲ್ಲಿ ಅವರು ಹಿಂದಿನ ಹಾಳೆ ತಿರುಗಿಸಿದ್ದರು. ಅಲ್ಲಿ ಒಂದು ಎಡಗೈಯ ಚಿತ್ರವಿತ್ತು. ಹೆಬ್ಬೆರಳ ತುದಿಯಿಂದ ಶುರುವಾಗಿ ಪ್ರತಿ ಬೆರಳಿನ ಪ್ರತಿ ಗೆಣ್ಣಿನ ಮೇಲೂ ಸ್ವರದ ಹೆಸರು. ಆ ಕಾಲದ ಇಂಗ್ಲೆಂಡಿನಲ್ಲಿ ಹಾಡು ಕಲಿಯುವವರು ಮೊದಲು ಈ ಕೈ ಬಾಯಿಪಾಠ ಮಾಡಬೇಕಿತ್ತಂತೆ. ಗುರು ತನ್ನ ಬೆರಳಿನ ಮೇಲೆ ಒಂದು ಗೆಣ್ಣು ಮುಟ್ಟಿ ತೋರಿಸುತ್ತಾನೆ, ಶಿಷ್ಯ ಆ ಸ್ವರ ಹಾಡುತ್ತಾನೆ. ಇದನ್ನು ಹೇಳುವಾಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಿಸಿರಲಿಲ್ಲ.

"ಗುರು ಹಾಡೂದಿಲ್ಲ?"

"ಹಾಡದಿದ್ರೂ ನಡೀತೈತ್ರಿ. ಮುಟ್ಟಿದ್ರ ಸಾಕು."

ಅವರು ಚಿತ್ರದ ಮೇಲೆ ಬೆರಳಿಟ್ಟು ಎಣಿಸಿದರು. "ಇಪ್ಪತ್ತು ಮನಿ ಮಾಡ್ಯಾರ. ಇಷ್ಟ್ಯಾಕ ಬೇಕು?" ಆಮೇಲೆ ತಮ್ಮ ಬಲಗೈ ಎತ್ತಿ ನೋಡಿಕೊಂಡರು. ಹೆಬ್ಬೆರಳು ಬಿಟ್ಟರೆ ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು. ಸ ಮತ್ತು ಪ ಒಂದೊಂದೇ, ಉಳಿದ ಐದಕ್ಕೆ ಎರಡೆರಡು ರೂಪ. ನಮ್ಮ ಸ್ವರಸ್ಥಾನಗಳೂ ಹನ್ನೆರಡೇ. ದಿನಾ ಎರಡು ಹೊತ್ತು ಜಪ ಎಣಿಸಿದ ಕೈ ಅದು. ಇಷ್ಟು ವರ್ಷ ಅವರಿಗೆ ಅದು ಹೊಳೆದಿರಲಿಲ್ಲವೆಂದರೆ ನಂಬಲು ಕಷ್ಟ, ಆದರೆ ಅವರ ಮುಖ ನೋಡಿದರೆ ಆಗ ತಾನೇ ಹೊಳೆದಂತಿತ್ತು.

"ಸ" ಎಂದು ತೋರುಬೆರಳಿನ ಬುಡದ ಗೆಣ್ಣಿಗೆ ಹೆಬ್ಬೆರಳು ಒತ್ತಿದರು. "ನಡುವ ಕೋಮಲ ರಿ. ತುದೀಗೆ ಶುದ್ಧ ರಿ. ಈ ನಡುಬೆರಳಿಗೆ ಎರಡು ಗ, ಒಂದು ಮ." ಹೀಗೆ ಕಿರುಬೆರಳ ತುದಿಯ ನಿ ತನಕ ಹೋಗಿ, ಮೇಲಿನ ಸ ಬಂದಾಗ ಹೆಬ್ಬೆರಳನ್ನೇ ಎತ್ತಿ ತೋರಿಸಿದರು. "ಹೂಂ, ಹಾಡ್ರಿ."

"ನಾನ್ರಿ?"

"ಮತ್ತ ಯಾರದಾರ ಇಲ್ಲಿ? ಹಾಡ್ರಿ, ಸುಳ್ಳು ಹೇಳಿದ್ದಕ್ಕ ದಂಡ."

ನಾನು ಹಾಡಿದೆ. ಮೇಲಿನ ಮನೆಯ ಕಿಟಕಿಯಿಂದ ಹೆಂಡತಿ ಕೂಗಿದಳು, "ಏನಾತ್ರೀ? ಬಿದ್ರೇನು?"

ಅಕ್ಕೋರು ನಕ್ಕರು. ಆ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

ಧಾರವಾಡಕ್ಕೆ ಹೋಗೆಂದಿದ್ದರೂ ಶಿಷ್ಯೆ ಗುರುವಾರ ಇಲ್ಲಿಗೇ ಬಂದಳು. ಬುಟ್ಟಿಯಲ್ಲಿ ಎರಡು ರೊಟ್ಟಿ ಉಳಿದಿದ್ದವು, ಕೊಟ್ಟು ಹೋಗಲು ಬಂದೆ ಎಂದಳು. ಅಕ್ಕೋರು ರೊಟ್ಟಿ ತೆಗೆದುಕೊಂಡು ಆಕೆಯನ್ನು ಕೂಡ್ರಿಸಿ ಕೈ ಹಿಡಿದು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಆಕೆಗೆ ಹನ್ನೆರಡೂ ಮನೆ ತಿಳಿದವು. ಪಾಠ ಮಾತ್ರ ನಡೆಯಲಿಲ್ಲ, ಏಕೆಂದರೆ ಸ ಹಿಡಿದ ಕೂಡಲೇ ಆಕೆ ಕಣ್ಣು ಮುಚ್ಚುತ್ತಿದ್ದಳು.

"ಏ ತಂಗಿ, ಕಣ್ ತಗಿ."

"ಕಣ್ ತಗದ್ರ ಸ್ವರ ಓಡಿ ಹೋಗ್ತಾವ್ರಿ ಅಕ್ಕೋರ."

"ಕಣ್ ಮುಚ್ಚಿದ್ರ ನಾ ಓಡಿ ಹೋಗ್ತೇನಿ. ತಗಿ."

ಕಣ್ಣು ಮುಚ್ಚಿ ಹಾಡುವುದನ್ನು ಆಕೆಗೆ ಕಲಿಸಿದವರೂ ಅಕ್ಕೋರೇ. ಅದನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು. ಎದುರಿಗೆ ಕುಳಿತರೆ ಕೈ ತಿರುವು ಮುರುವಾಗಿ ಕಾಣುತ್ತದೆಂದು ಇಬ್ಬರೂ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಹೊರಗಿನಿಂದ ಬಂದವರಿಗೆ ಇವರಿಬ್ಬರೂ ಗೋಡೆಯ ಜೊತೆ ಸಿಟ್ಟಾಗಿದ್ದಾರೆ ಅನ್ನಿಸಬೇಕು. ಅಕ್ಕೋರು ಹಾಡುವುದನ್ನು ಪೂರ್ತಿ ನಿಲ್ಲಿಸಿದರು. ಉಳಿದಿದ್ದ ಆ ನಾಲ್ಕು ಸ್ವರವನ್ನೂ ಪಾಠದ ಹೊತ್ತಿನಲ್ಲಿ ಬಾಯಿಗೆ ತರಲಿಲ್ಲ. ಅದು ಅವರಿಗೆ ಸುಲಭವಾಗಿತ್ತೆಂದು ನಾನು ಬರೆಯಲಾರೆ.

ಇಂಗ್ಲಿಷ್ ಪುಸ್ತಕದ ಕೈ ಇಲ್ಲಿಗೆ ಸಾಲಲಿಲ್ಲ. ಅಲ್ಲಿ ಸ್ವರ ಎಂದರೆ ಒಂದು ಮನೆ, ಮುಟ್ಟಿದರೆ ಆಯಿತು. ಭೈರವದ ಕೋಮಲ ರಿ ಮನೆಯಲ್ಲಿ ಸುಮ್ಮನೆ ಕೂಡುವುದಿಲ್ಲ, ತೂಗಬೇಕು. ಮ ದಿಂದ ಆ ರಿ ಗೆ ಇಳಿಯುವಾಗ ನಡುವೆ ಎಲ್ಲೂ ಕಾಲಿಡದೆ ಜಾರಿ ಬರಬೇಕು. ಅಕ್ಕೋರು ಮಧ್ಯದ ಬೆರಳ ತುದಿಯಿಂದ ತೋರುಬೆರಳ ನಡುವಿನ ಗೆಣ್ಣಿನ ತನಕ ಹೆಬ್ಬೆರಳನ್ನು ಎತ್ತದೆ ಎಳೆದುಕೊಂಡು ಬಂದರು. ಬಂದು ಅಲ್ಲಿ ಮೆಲ್ಲಗೆ ಉಜ್ಜಿದರು. ಶಿಷ್ಯೆ ನೋಡುತ್ತ ನೋಡುತ್ತ ಜಾರಿದಳು, ಮತ್ತು ರಿ ಯ ಮೇಲೆ ಬಲವಾಗಿ ಅಲುಗಾಡಿಸಿದಳು.

"ಮೆತ್ತಗ, ಮೆತ್ತಗ. ರೊಟ್ಟಿ ಹಿಟ್ಟಲ್ಲ ಅದು, ನಾದಬ್ಯಾಡ."

"ಹಿಟ್ಟು ಮೆತ್ತಗ ನಾದಿದ್ರ ರೊಟ್ಟಿ ಹರೀತೈತ್ರಿ."

"ರೊಟ್ಟಿ ಹರೀಲಿ. ರಾಗ ಹರೀಬಾರದು."

ಒಡಕು ನಿಧಾನವಾಗಿ ಹೋಯಿತು. ಕಿವಿಗೆ ಕೇಳಿಸದ್ದನ್ನು ಆಕೆ ನಕಲು ಮಾಡುವುದಾದರೂ ಹೇಗೆ? ಗಟ್ಟಿ ದನಿ ಹೊರಗೆ ಬಂತು, ಅದರಲ್ಲಿ ಗಾಂಧಾರದ ಹತ್ತಿರ ಸ್ವಲ್ಪ ಗೀರು ಉಳಿಯಿತು. ಅದನ್ನೂ ತೆಗೆಯೋಣವೇ ಎಂದು ಆಕೆ ಕೇಳಿದಾಗ ಅಕ್ಕೋರು "ಇರಲಿ ಬಿಡು" ಎಂದರು. ಆಗ ನಾನು ಬರೆದಿಟ್ಟುಕೊಂಡ ಟಿಪ್ಪಣಿಯಲ್ಲಿ ಇಲ್ಲಿ "ಕಣ್ಣು ತುಂಬಿತು" ಎಂದು ಬರೆದಿದೆ, ಯಾರ ಕಣ್ಣು ಎಂದು ಬರೆದಿಲ್ಲ. ಆ ಮಾತನ್ನು ನಾನು ಆಮೇಲೆ ಸೇರಿಸಿರುವ ಸಾಧ್ಯತೆಯೂ ಇದೆ, ಶಾಯಿ ಬೇರೆಯಾಗಿದೆ.

ಶ್ರಾವಣದ ಮೊದಲ ಸೋಮವಾರ ನಾನು ಮತ್ತು ಅಕ್ಕೋರು ಮೊದಲ ಬಸ್ಸಿಗೆ ಹೊರಟು ಉಪ್ಪಿನಬೆಟಗೇರಿಗೆ ಹೋದೆವು.  ದಾರಿಯಲ್ಲಿ ಅವರು, "ಇವತ್ತು ಮುಗದ ಮ್ಯಾಲ ಬುವಾ ಅವರಿಗೆ ಹೇಳೂದು ಹೇಳತೇನಿ" ಎಂದರು. ಏನು ಹೇಳುವುದೆಂದು ನಾನು ಕೇಳಲಿಲ್ಲ, ಇಂದಿನ ಹಾಡಿನ ಮೇಲೆ ಅದು ನಿಂತಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಮಠದಲ್ಲಿ ಪೂಜೆ ನಡೆಯುತ್ತಿತ್ತು. ಊರಿನವರು ಕುಳಿತಿದ್ದರು, ಒಕ್ಕಲುತನದವರು, ಅಂಗಡಿಯವರು, ತಲೆ ತುಂಬ ಸೆರಗು ಹೊದ್ದ ಹೆಣ್ಣುಮಕ್ಕಳು. ಶಿಷ್ಯೆ ಹಾರ್ಮೋನಿಯಂ ಪೆಟ್ಟಿಗೆಯವರ ಪಕ್ಕದಲ್ಲಿ ಕುಳಿತಳು. ಅಕ್ಕೋರು ಮುಂದಿನ ಸಾಲಿನಲ್ಲಿ, ಆಕೆಗೆ ಕಾಣುವ ಹಾಗೆ ಬಲಗೈ ಮೊಣಕಾಲ ಮೇಲಿಟ್ಟು ಕುಳಿತರು; ತಿರುವು ಮುರುವಾದ ಕೈ ಓದುವುದೂ ಅಷ್ಟರಲ್ಲಿ ಆಕೆಗೆ ರೂಢಿಯಾಗಿತ್ತು. ನಾನು ಅವರ ಪಕ್ಕ. ಹೆಬ್ಬೆರಳು ಸ ದ ಮೇಲೆ ಕುಳಿತಿತು. ಶಿಷ್ಯೆ ಸ ಹಿಡಿದಳು.

ಹಿಡಿದ ಕೂಡಲೇ ಕಣ್ಣು ಮುಚ್ಚಿದಳು.

 ಅಕ್ಕೋರು ಅಲುಗಲಿಲ್ಲ, ಅವರ ಹೆಬ್ಬೆರಳು ನಡೆಯುತ್ತಲೇ ಇತ್ತು. ಮ ದಿಂದ ರಿ ಗೆ ಜಾರಿತು, ಆಕೆಯೂ ಜಾರಿದಳು. ತೂಗಿತು, ತೂಗಿದಳು. ಮಠದಲ್ಲಿ ಕೆಮ್ಮುತ್ತಿದ್ದವರೂ ಸುಮ್ಮನಾದರು. ಹಾಡು ಮೇಲಕ್ಕೆ ಹೋಯಿತು. ಪಂಚಮದ ಮೇಲೆ ನಿಂತಿತು. ಅಲ್ಲಿಂದ ಕೋಮಲ ಧೈವತಕ್ಕೆ ಹೋಗಿ ಆಕೆ ಬಹಳ ಹೊತ್ತು ಅಲ್ಲೇ ಉಳಿದಳು, ಅಷ್ಟು ಹೊತ್ತು ನಿಲ್ಲುವುದನ್ನು ನಮ್ಮ ಪಡಸಾಲೆಯ ಪಾಠದಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಆಗ ನಾನು ಮತ್ತೆ ಕೈ ನೋಡಿದೆ. ಹೆಬ್ಬೆರಳು ಇನ್ನೂ ಉಂಗುರ ಬೆರಳ ನಡುವಿನ ಗೆಣ್ಣಿನ ಮೇಲೆ, ಅಂದರೆ ಪಂಚಮದಲ್ಲೇ ಇತ್ತು. ಆಮೇಲೆ, ಅವಸರವಿಲ್ಲದೆ, ತುದಿಯ ಧೈವತಕ್ಕೆ ಏರಿತು. ಕೈ ಹಾಡಿನ ಹಿಂದೆ ಬರುತ್ತಿತ್ತು. ಅಥವಾ ನಾನು ತಡವಾಗಿ ನೋಡಿದ್ದೆ, ಕೈ ಅದಕ್ಕೂ ಮೊದಲೇ ಒಮ್ಮೆ ಅಲ್ಲಿಗೆ ಹೋಗಿ ಬಂದಿತ್ತು.

ಮುಗಿದ ಮೇಲೆ ಪ್ರಸಾದದ ಸಾಲಿನಲ್ಲಿ ಶಿಷ್ಯೆಯನ್ನು ಕೇಳಿದೆ, "ಕಣ್ ಮುಚ್ಚಿ ಹಾಡಿದ್ರಲ್ರಿ, ಕೈ ಹೆಂಗ ಕಾಣಸ್ತು?"

"ಕಣ್ ಮುಚ್ಚಿದ್ನೇನ್ರಿ?" ಎಂದಳು ಆಕೆ. "ಇಲ್ಲಲ್ರಿ ಸರ್ರ. ಅಕ್ಕೋರ ಕೈನ ನೋಡಕೋತ ಹಾಡಿದ್ನೆಲ್ರಿ."

ಮರಳುವ ಬಸ್ಸಿನಲ್ಲಿ ಅಕ್ಕೋರನ್ನು ಕೇಳಿದೆ, "ಆ ಧೈವತ ನೀವ ತೋರಸಿದ್ರೋ, ಅಕಿನ ಹೋದ್ಲೋ?"

"ಯಾವ ಧೈವತ?" ಎಂದರು. ನಾನು ಹೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಹೆಸರು ಬೆಳೆ ಹಸಿರಾಗಿತ್ತು, ಅಥವಾ ಅದು ಬೇರೆ ಯಾವುದೋ ಬೆಳೆ, ನನಗೆ ಗುರುತು ಸಿಗುವುದಿಲ್ಲ. "ತೋರಸಿದ್ನಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ತೋರಸಿರಬೇಕು" ಎಂದರು.

ಮರುದಿನ ಬೆಳಿಗ್ಗೆ ಅವರು ಬುವಾ ಅವರಿಗೆ ಫೋನು ಮಾಡಿದ್ದು ಮೆಟ್ಟಿಲು ಇಳಿಯುವಾಗ ಕಿವಿಗೆ ಬಿತ್ತು. ಮಾತು ತಿಳಿಯಲಿಲ್ಲ. ಆ ಕಡೆಯವರು ಬಹಳ ಮಾತಾಡಿದರು, ಅಕ್ಕೋರು ಹೂಂ ಹೂಂ ಎಂದರು, ತೆರೆದ ಬಾಗಿಲಿನಿಂದ ಒಮ್ಮೆ ಅವರ ಭುಜ ಅಲುಗಿದ್ದು ಕಂಡಿತು. ಗುರುವಾರ ಶಿಷ್ಯೆ ಖಾಲಿ ಬುಟ್ಟಿ ಹಿಡಿದು ಬಂದಳು. ಇಬ್ಬರೂ ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಕುಳಿತು ಹೊಸ ರಾಗ ಶುರು ಮಾಡಿದರು. ಆ ದಿನದಿಂದ ಇಂದಿನ ತನಕ ಗುರುವಾರ ತಪ್ಪಿಲ್ಲ. ಈಗ ಇನ್ನೂ ಇಬ್ಬರು ಬರುತ್ತಾರೆ. ಪಡಸಾಲೆ ಬಾಡಿಗೆಗೆ ಕೊಟ್ಟಿಲ್ಲ. ಧಾರವಾಡದ ಮಾತು ಯಾರೂ ಎತ್ತಿಲ್ಲ.

ತಾನು ಇನ್ನೂ ಕಲಿಸಬಲ್ಲೆ ಎಂದು ಅಕ್ಕೋರು ಆ ಸೋಮವಾರ ತೀರ್ಮಾನಿಸಿದರೋ, ಅಥವಾ ಆಕೆಗೆ ಕೈಯ ಅಗತ್ಯ ಮುಗಿದಿದೆ ಎಂದು ಕಂಡೂ ಬಿಟ್ಟುಕೊಡಲಾಗದೆ ಇಟ್ಟುಕೊಂಡರೋ, ಇಲ್ಲವೆ ಅದು ಕಂಡದ್ದು ಶಿಷ್ಯೆಗೇ ಆಗಿ, ಆಕೆಯೇ ಅವರನ್ನು ಬಿಡದೆ ಉಳಿದಳೋ, ನನಗೆ ಗೊತ್ತಿಲ್ಲ.